ಪಿಸ್ತೂಲ್ ಗುರಿ ಅಭ್ಯಾಸಕ್ಕೆ ಯಾವ ಗುಂಡು: ಸೀಸ, ಲೇಪನ, ತಾಮ್ರದ ಕವಚ, ಖಾಲಿ ಕೇಸಿನ ಕವಚ

ಅಮೆರಿಕದಲ್ಲಿ ನೆಲೆಸಿ ವಾರಾಂತ್ಯದಲ್ಲಿ ಪಿಸ್ತೂಲ್ ಗುರಿ ಅಭ್ಯಾಸಕ್ಕೆ ಹೋಗುವ ಕನ್ನಡಿಗರಿಗಾಗಿ ಈ ಬರಹ. ಅಂಗಡಿಯ ಸಿದ್ಧ ತೋಟಾಗಳಿಂದ ಆರಂಭಿಸಿದವರು ಖರ್ಚಿನ ಲೆಕ್ಕ ನೋಡಿ ಒಂದಲ್ಲ ಒಂದು ದಿನ ರೀಲೋಡಿಂಗ್ ಕಡೆಗೆ, ಅಂದರೆ ಹೊಡೆದ ತೋಟಾದ ಖಾಲಿ ಕೇಸನ್ನು ಮನೆಯಲ್ಲೇ ಮತ್ತೆ ತುಂಬುವುದರ ಕಡೆಗೆ, ತಿರುಗುತ್ತಾರೆ. ತೋಟಾದ ನಾಲ್ಕು ಭಾಗಗಳಲ್ಲಿ ಹಿತ್ತಾಳೆಯ ಕೇಸು (ಹೊರಗಿನ ಕೊಳವೆ) ಮತ್ತೆ ಮತ್ತೆ ಬಳಕೆಗೆ ಬರುತ್ತದೆ; ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಮತ್ತು ಮದ್ದನ್ನು ಕೊಳ್ಳಲೇಬೇಕು; ನಿಜವಾದ ಆಯ್ಕೆ ಇರುವುದು ಗುಂಡಿನಲ್ಲಿ ಮಾತ್ರ. ಬರಿಯ ಸೀಸದ ಗುಂಡು, ಬಣ್ಣದ ಲೇಪನವಿರುವ ಸೀಸದ ಗುಂಡು, ತಾಮ್ರದ ಮುಲಾಮು (ತೆಳುವಾದ ಲೋಹದ ಲೇಪ) ಮಾಡಿದ ಗುಂಡು, ಕಾರ್ಖಾನೆಯ ಜಾಕೆಟ್ (ಲೋಹದ ಕವಚದ) ಗುಂಡು, ಇವುಗಳ ಜೊತೆಗೆ ಖಾಲಿ ಹಿತ್ತಾಳೆ ಕೇಸನ್ನೇ ಕವಚವಾಗಿಸಿ ಮನೆಯಲ್ಲೇ ಒತ್ತಿ ತೆಗೆಯುವ ಗುಂಡು, ಹೀಗೆ ಐದು ದಾರಿಗಳಿವೆ. ಕೊನೆಯದರ ಬಗ್ಗೆ ಕುತೂಹಲ ಹೆಚ್ಚು, ತಿಳಿವಳಿಕೆ ಕಡಿಮೆ. ಆದ್ದರಿಂದ ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಆದರೆ ಇದು ತಯಾರಿಕೆಯ ವಿಧಾನವನ್ನು ಕಲಿಸುವ ಬರಹವಲ್ಲ, ಆಯ್ಕೆಗೆ ನೆರವಾಗುವ ಬರಹ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಎಂದರೆ ಸಿದ್ಧ ತೋಟಾ ಮಾತ್ರವಲ್ಲ. ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಪರವಾನಗಿ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಸೆರೆವಾಸ ಇದ್ದು ಅದು ಜೀವಾವಧಿಯವರೆಗೂ ಹೋಗಬಹುದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು ನಿಜ. ಅದು ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ಗುಂಡು ತಯಾರಿಕೆಗೆ ಸಂಬಂಧಿಸಿದ್ದಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವ ಉದ್ದೇಶ ಬಂದ ಕೂಡಲೇ ಬೇಕು. ರಾಜ್ಯಗಳ ನಿಯಮ ಬೇರೆ ಬೇರೆ ಇರುವುದರಿಂದ ತಮ್ಮ ರಾಜ್ಯದ್ದನ್ನು ನೋಡಿಕೊಳ್ಳುವುದು ಅವರವರ ಹೊಣೆ.

ಕವಚ ಯಾಕೆ ಬೇಕು

ಸೀಸ ಮೃದುವಾದ ಲೋಹ, 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ನಳಿಗೆಯೊಳಗೆ ಬಿಸಿ ಅನಿಲ ಅದರ ಬುಡವನ್ನು ತಾಗುತ್ತದೆ, ಉಕ್ಕಿನ ಸುರುಳಿ ಗೆರೆಗಳು ಅದರ ಮೈಯನ್ನು ಕೊರೆಯುತ್ತವೆ. ವೇಗ ಕಡಿಮೆಯಿದ್ದಾಗ ಇದರಿಂದ ತೊಂದರೆಯಿಲ್ಲ. ವೇಗವೂ ಒತ್ತಡವೂ ಏರಿದಂತೆ ಸೀಸ ಉಜ್ಜಿ ಹೋಗಿ ಗೆರೆಗಳ ಸಂದಿಯಲ್ಲಿ ಕೂರುತ್ತದೆ. ಹೊರಗೆ ತಾಮ್ರದ ಕವಚವಿದ್ದರೆ ಗೆರೆಗಳು ಕಚ್ಚುವುದು ತಾಮ್ರವನ್ನು. ಸೀಸ ಒಳಗೆ ತೂಕ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಹೀಗಾಗಿ ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಗುಂಡು ಎಷ್ಟು ವೇಗದಲ್ಲಿ ಹೋಗಬೇಕು, ಮತ್ತು ಅದು ಕೊನೆಗೆ ಎಲ್ಲಿ ನಿಲ್ಲುತ್ತದೆ. ಮರಳ ದಿಬ್ಬದಲ್ಲೋ, ಒಳಾಂಗಣದ ರಬ್ಬರ್ ತಡೆಯಲ್ಲೋ, ಉಕ್ಕಿನ ಫಲಕದ ಮೇಲೋ ಎಂಬುದು ನಿಶ್ಚಯವಾದರೆ ಅರ್ಧ ತೀರ್ಮಾನ ಆದಂತೆಯೇ. ಬೆಲೆ ಮೂರನೆಯ ಪ್ರಶ್ನೆ. ಬಹಳ ಮಂದಿ ಅದನ್ನೇ ಮೊದಲು ಕೇಳಿ ತಪ್ಪು ಗುಂಡನ್ನು ಸಾವಿರಗಟ್ಟಲೆ ಕೊಂಡು ಇಟ್ಟುಕೊಳ್ಳುತ್ತಾರೆ.

ಎರಕದ ಸೀಸ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹಳೆಯದು. ಲೋಹದ ಗಡಸುತನವನ್ನು ಅಳೆಯುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸದ್ದು ಸುಮಾರು 5. ಶೇ 90 ಸೀಸಕ್ಕೆ ತಲಾ ಶೇ 5 ತವರ ಮತ್ತು ಆಂಟಿಮನಿ ಸೇರಿಸಿದರೆ ಅದು 15ರ ಹತ್ತಿರ ಬರುತ್ತದೆ; ಹಳೆಯ ಮುದ್ರಣಾಲಯಗಳ ಲೈನೋಟೈಪ್ ಲೋಹ 22ರ ಆಸುಪಾಸು. ಗಡಸಾದಷ್ಟೂ ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಒತ್ತಡಕ್ಕೆ ತಕ್ಕಷ್ಟು ಮೆದುವಾಗಿರುವ ಗುಂಡು ಹಿಂಬದಿಯಲ್ಲಿ ಸ್ವಲ್ಪ ಉಬ್ಬಿ ನಳಿಗೆಯನ್ನು ತುಂಬಿಕೊಳ್ಳುತ್ತದೆ. ಅತಿಯಾಗಿ ಗಡಸಾದದ್ದು ಉಬ್ಬುವುದಿಲ್ಲ, ಪಕ್ಕದಿಂದ ಅನಿಲ ನುಗ್ಗಿ ಸೀಸವನ್ನು ಕೊಚ್ಚುತ್ತದೆ. ಗಡಸುತನಕ್ಕಿಂತ ಮುಖ್ಯವಾದದ್ದು ಅಳತೆ. 9 ಮಿ.ಮೀ. ಪಿಸ್ತೂಲಿಗೆ ಜಾಕೆಟ್ ಗುಂಡು 0.355 ಇಂಚು ಇದ್ದರೆ ಸೀಸದ್ದು 0.356 ಇರುತ್ತದೆ; .45 ಎಸಿಪಿ ಎಂಬ ತೋಟಾಕ್ಕೆ 0.451 ಮತ್ತು 0.452; .38 ಸ್ಪೆಷಲ್ ಎಂಬುದಕ್ಕೆ 0.357 ಮತ್ತು 0.358. ಇಂಚಿನ ಸಾವಿರದ ಒಂದು ಪಾಲು ಎಂದು ಇದನ್ನು ಹಗುರವಾಗಿ ಕಾಣಬಾರದು. ನಳಿಗೆಗಿಂತ ಸಣ್ಣದಾದ ಸೀಸದ ಗುಂಡು ಗುರಿಯನ್ನೂ ಕೆಡಿಸುತ್ತದೆ, ನಳಿಗೆಯನ್ನೂ ಕೊಳೆ ಮಾಡುತ್ತದೆ.

ಆ ಕೊಳೆಯನ್ನು ಗುರುತಿಸುವುದು ಸುಲಭ. ಪಿಸ್ತೂಲನ್ನು ಖಾಲಿ ಮಾಡಿ, ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದರೆ ಗೆರೆಗಳ ಅಂಚಿನುದ್ದಕ್ಕೂ ಬೂದುಬಣ್ಣದ ಒರಟು ಪಟ್ಟೆ ಕಾಣುತ್ತದೆ. ಕಂಚಿನ ಬ್ರಶ್ಶಿನಿಂದ ತಿಕ್ಕಿದಾಗ ಬೆಳ್ಳಿಯಂತೆ ಹೊಳೆಯುವ ತೆಳುವಾದ ಚೂರುಗಳು ಬಿಳಿ ಬಟ್ಟೆಯ ಮೇಲೆ ಉದುರುತ್ತವೆ. ಅದು ಕಂಡರೆ ಅಳತೆಯೋ ಮಿಶ್ರಲೋಹವೋ ವೇಗವೋ ಹೊಂದಿಲ್ಲ ಎಂದರ್ಥ. ಬಹುಭುಜ ಗೆರೆಗಳ (ಚೂಪು ಅಂಚಿನ ಗೆರೆಗಳ ಬದಲು ನುಣುಪು ಮುಖಗಳ) ನಳಿಗೆಯಿರುವ ಪಿಸ್ತೂಲುಗಳಲ್ಲಿ ಬರಿಯ ಸೀಸ ಬೇಡ ಎಂಬುದನ್ನು ಕಡ್ಡಾಯವೆಂದೇ ತಿಳಿಯಬೇಕು. ಗ್ಲಾಕ್ ಕಂಪನಿಯ ಕೈಪಿಡಿಯೂ ಇದನ್ನೇ ಹೇಳುತ್ತದೆ. ಅಂಥ ನಳಿಗೆಯಲ್ಲಿ ಸೀಸ ಕಟ್ಟಿಕೊಂಡರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ನಿಧಾನ ವೇಗದ, ನಿಖರತೆಯೇ ಮುಖ್ಯವಾದ ಸ್ಪರ್ಧೆಗಳಲ್ಲಿ ಸೀಸ ಇಂದಿಗೂ ಮೊದಲ ಸಾಲಿನಲ್ಲಿದೆ. ಅಮೆರಿಕದ ಬುಲ್ಸ್‌ಐ (ನಿಖರ ಗುರಿಯ) ಸ್ಪರ್ಧಿಗಳು .45ರಲ್ಲಿ 200 ಗ್ರೇನ್ (ಗುಂಡಿನ ತೂಕದ ಸಣ್ಣ ಅಳತೆ) ತೂಕದ ಸೆಮಿ ವಾಡ್‌ಕಟರ್ ಗುಂಡನ್ನು 50 ಗಜ ದೂರಕ್ಕೆ ಹೊಡೆಯುತ್ತಾರೆ; .38 ಸ್ಪೆಷಲ್‌ಗೆ 148 ಗ್ರೇನ್ ವಾಡ್‌ಕಟರ್, ಅಂದರೆ ಮೂತಿ ಚಪ್ಪಟೆಯಾದ ಗುಂಡು, ಹೆಸರುವಾಸಿ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 25 ಮೀಟರ್ ಪಿಸ್ತೂಲ್ ಸ್ಪರ್ಧೆಗಳಲ್ಲಂತೂ ಸೀಸ ಅಥವಾ ಅಂಥದೇ ಮೆದು ವಸ್ತುವಿನ ಗುಂಡಿಗೆ ಮಾತ್ರ ಅವಕಾಶ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದ ಸೆಂಟರ್ ಫೈರ್ ಸ್ಪರ್ಧೆಗೂ ಈ ನಿಯಮವೇ ಅನ್ವಯಿಸುತ್ತದೆ. ಜಾಕೆಟ್ ಇಲ್ಲದ ಗುಂಡು ಎಂದರೆ ಕೀಳು ದರ್ಜೆಯದು ಎಂದುಕೊಂಡಿರುವ ಹೊಸಬರು ಇದನ್ನು ನೆನಪಿನಲ್ಲಿಡಬೇಕು.

ಬಣ್ಣದ ಲೇಪನ, ತಾಮ್ರದ ಮುಲಾಮು

ಸೀಸದ ಮೇಲೆ ಪಾಲಿಮರ್ ಬಣ್ಣವನ್ನು ಬಿಸಿಯಲ್ಲಿ ಗಟ್ಟಿಗೊಳಿಸಿದ ಗುಂಡುಗಳು ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ ಸಿಗುತ್ತವೆ. ಲೇಪನ ಸರಿಯಾಗಿ ಕೂತಿದ್ದರೆ ನಳಿಗೆಗೆ ಸೀಸ ತಾಗುವುದೇ ಇಲ್ಲ, ಬರಿಯ ಸೀಸಕ್ಕೆ ಹಚ್ಚುವ ಮೇಣದ ಹೊಗೆ ಇಲ್ಲ, ಕೈಗೂ ಸೀಸ ಅಷ್ಟಾಗಿ ಹತ್ತುವುದಿಲ್ಲ. ಬುಡವೂ ಮುಚ್ಚಿರುವುದರಿಂದ ಬಿಸಿ ಅನಿಲಕ್ಕೆ ಸೀಸ ನೇರವಾಗಿ ಸಿಗದು. ಬೆಲೆ ಬರಿಯ ಸೀಸಕ್ಕಿಂತ ತುಸು ಹೆಚ್ಚು, ಜಾಕೆಟ್‌ಗಿಂತ ಗಣನೀಯವಾಗಿ ಕಡಿಮೆ. ವಾರಕ್ಕೆ ನೂರಿನ್ನೂರು ಸುತ್ತು ಹೊಡೆಯುವ ಸಾಧಾರಣ ಅಭ್ಯಾಸಿಗೆ ಇದಕ್ಕಿಂತ ಹಿತವಾದ ಆಯ್ಕೆ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಎಚ್ಚರಿಕೆ: ಕೇಸಿನ ಬಾಯಿಯನ್ನು ಸಾಕಷ್ಟು ಅಗಲಿಸದೆ ಗುಂಡನ್ನು ಕೂರಿಸಿದರೆ ಕೇಸಿನ ಅಂಚು ಲೇಪನವನ್ನು ಹೆರೆಯುತ್ತದೆ, ಆಮೇಲೆ ಲೇಪನವಿದ್ದೂ ಇಲ್ಲದಂತೆ.

ವಿದ್ಯುತ್ ಲೇಪನದಿಂದ ತಾಮ್ರ ಹಿಡಿಸಿದ ಗುಂಡು ನೋಡಲು ಜಾಕೆಟ್ ಗುಂಡಿನಂತೆಯೇ ಇರುತ್ತದೆ. ಒಳಗೆ ಮೆದು ಸೀಸ, ಹೊರಗೆ ಬಹಳ ತೆಳುವಾದ ತಾಮ್ರ. ಸಾಧಾರಣ ಮುಲಾಮಿನ ಗುಂಡಿಗೆ ಸೆಕೆಂಡಿಗೆ ಸುಮಾರು 1200 ಅಡಿ ವೇಗದ ಮಿತಿಯನ್ನು ತಯಾರಕರು ಹೇಳುತ್ತಾರೆ. ದಪ್ಪ ಮುಲಾಮಿನದಕ್ಕೆ ಮಿತಿ ಹೆಚ್ಚು. ಕೇಸಿನ ಬಾಯಿಯನ್ನು ಬಿಗಿಯಾಗಿ ಅಮುಕಿದರೆ ತಾಮ್ರ ಹರಿದು ಗುರಿ ಚೆದುರುತ್ತದೆ. 9 ಮಿ.ಮೀ. ಮತ್ತು .45ರ ಅಭ್ಯಾಸಕ್ಕೆ ಸಾಕು, .357 ಮ್ಯಾಗ್ನಮ್‌ನ ಪೂರ್ಣ ವೇಗಕ್ಕೆ ಸಲ್ಲದು.

ಕಾರ್ಖಾನೆಯ ಜಾಕೆಟ್

ಇಲ್ಲಿ ಕವಚದ ಲೋಹ ಸಾಮಾನ್ಯವಾಗಿ ಗಿಲ್ಡಿಂಗ್ ಮೆಟಲ್: ಶೇ 95 ತಾಮ್ರ, ಶೇ 5 ಸತು. ಮೆದುವಾಗಿ ಹಿಗ್ಗುತ್ತದೆ, ಗೆರೆಗಳಿಗೆ ಹೊಂದಿಕೊಳ್ಳುತ್ತದೆ, ನಳಿಗೆಯನ್ನು ಹೆಚ್ಚು ಸವೆಸುವುದಿಲ್ಲ. ಎಷ್ಟು ಮದ್ದು ತುಂಬಬೇಕೆಂದು ಹೇಳುವ ಪ್ರಕಟಿತ ರೀಲೋಡಿಂಗ್ ಕೈಪಿಡಿಗಳ ಬಹುಪಾಲು ಅಂಕಿಗಳು ಈ ಗುಂಡುಗಳನ್ನೇ ಇಟ್ಟುಕೊಂಡು ಪರೀಕ್ಷಿಸಿದವು. ಹೊಸಬರಿಗೆ ಇದೇ ದೊಡ್ಡ ಅನುಕೂಲ. ಇದರಲ್ಲೂ ಎರಡು ಬಗೆ ಇವೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಫ್‌ಎಂಜೆ (ಫುಲ್ ಮೆಟಲ್ ಜಾಕೆಟ್) ಗುಂಡನ್ನು ತಲೆಕೆಳಗು ಮಾಡಿ ನೋಡಿದರೆ ಬುಡದಲ್ಲಿ ಬೂದುಬಣ್ಣದ ಸೀಸ ಕಾಣುತ್ತದೆ, ಹೊಡೆದಾಗ ಅಲ್ಲಿಂದ ಸೀಸದ ಆವಿ ಏಳುತ್ತದೆ. ಟಿಎಂಜೆ (ಟೋಟಲ್ ಮೆಟಲ್ ಜಾಕೆಟ್) ಗುಂಡಿನ ಬುಡವೂ ಮುಚ್ಚಿರುತ್ತದೆ. ಒಳಾಂಗಣದಲ್ಲಿ ಹೊಡೆಯುವವರು ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ.

ಖಾಲಿ ಕೇಸಿನ ಕವಚ

ಈ ಕಸುಬು ಹುಟ್ಟಿದ್ದು ಅಭಾವದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತಾಮ್ರವೂ ಗುಂಡೂ ಯುದ್ಧಕ್ಕೆ ಹೋಗುತ್ತಿದ್ದಾಗ, ಬೇಟೆಗಾರರಿಗೆ ರೈಫಲ್ ಗುಂಡು ಸಿಗದಾಯಿತು. .22 ರಿಮ್‌ಫೈರ್ (ಕಿಡಿಮದ್ದು ಬುಡದ ಅಂಚಿನೊಳಗೇ ಇರುವ) ತೋಟಾದ ಖಾಲಿ ಕೇಸನ್ನು ರೀಲೋಡ್ ಮಾಡಲು ಬರುವುದಿಲ್ಲ, ಅದು ನಿಜವಾದ ಕಸ. ಆ ಕಸವನ್ನೇ ಅಂಚು ತೀಡಿ, ಒಳಗೆ ಸೀಸವಿಟ್ಟು, ಅಚ್ಚಿನಲ್ಲಿ ಒತ್ತಿ ಸಣ್ಣ ರೈಫಲ್‌ಗಳಿಗೆ ಗುಂಡು ಮಾಡುವ ದಾರಿಯನ್ನು ಕೆಲವರು ಹಿಡಿದರು. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಆರಂಭಿಸಿದ ಆರ್‌ಸಿಬಿಎಸ್ ಸಂಸ್ಥೆಯ ಮೂಲ ಇಂಥ ಅಚ್ಚುಗಳಲ್ಲಿದೆ. ಐಡಾಹೋದ ವರ್ನನ್ ಸ್ಪೀರ್, ಮುಂದೆ 1949ರಲ್ಲಿ ನೆಬ್ರಾಸ್ಕಾದಲ್ಲಿ ಸ್ವಂತ ಕಂಪನಿ ಕಟ್ಟಿದ ಜಾಯ್ಸ್ ಹಾರ್ನಡಿ, ಇಬ್ಬರೂ ಈ .22 ಕೇಸುಗಳ ದಾರಿಯಲ್ಲೇ ಗುಂಡು ತಯಾರಿಕೆಗೆ ಬಂದವರು. ಇಂದು ಅಂಗಡಿಗಳಲ್ಲಿ ಸಾಲಾಗಿ ಕಾಣುವ ಈ ಹೆಸರುಗಳ ಹಿಂದೆ ಖಾಲಿ ಹಿತ್ತಾಳೆಯನ್ನು ಎಸೆಯಲು ಮನಸ್ಸು ಬಾರದವರ ಶ್ರಮವಿದೆ, ಅದಕ್ಕೆ ನನ್ನ ಗೌರವ ಇದ್ದೇ ಇದೆ.

ಪಿಸ್ತೂಲಿಗೆ ಬಂದರೆ ಲೆಕ್ಕ ಬದಲಾಗುತ್ತದೆ. .22ರ ಕೇಸು 9 ಮಿ.ಮೀ. ಗುಂಡಿಗೆ ಕವಚವಾಗುವಷ್ಟು ಅಗಲವಿಲ್ಲ. ಆದ್ದರಿಂದ ಇದನ್ನು ಮಾಡುವ ಹವ್ಯಾಸಿಗಳು 9 ಮಿ.ಮೀ. ಕೇಸಿನಿಂದ .40ರ ಗುಂಡನ್ನೂ .40ರ ಕೇಸಿನಿಂದ .45ರ ಗುಂಡನ್ನೂ ಒತ್ತಿ ತೆಗೆಯುತ್ತಾರೆ. ಸಿದ್ಧವಾದ ಗುಂಡು ನೋಡಲು ಚೆಂದವಾಗಿಯೇ ಇರುತ್ತದೆ; ತಿರುಗಿಸಿದರೆ ಬುಡದಲ್ಲಿ ಹಳೆಯ ಕೇಸಿನ ಕಂಪನಿ ಮುದ್ರೆ, ನಡುವೆ ಪ್ರೈಮರ್ ಕೂರುತ್ತಿದ್ದ ಕುಳಿ. ಆದರೆ ಆ ಎರಡು ಕೇಸುಗಳೂ ಮತ್ತೆ ಮತ್ತೆ ರೀಲೋಡ್ ಆಗಬಲ್ಲವು. ಹೀಗೆ ಇನ್ನೂ ಹಲವು ಸುತ್ತು ಬಾಳುವ ವಸ್ತುವನ್ನು ಒಂದೇ ಸುತ್ತಿಗೆ ಖರ್ಚು ಮಾಡಿದಂತಾಗುತ್ತದೆ. ಯುದ್ಧಕಾಲದ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಲೋಹದ ಸ್ವಭಾವವೂ ಬೇರೆ. ಕೇಸಿನ ಹಿತ್ತಾಳೆಯಲ್ಲಿ ತಾಮ್ರ ಶೇ 70, ಸತು ಶೇ 30. ಬಡಿದಷ್ಟೂ, ಒತ್ತಿದಷ್ಟೂ ಅದು ಗಡಸಾಗುತ್ತದೆ, ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಸೆಟೆದುಕೊಳ್ಳುತ್ತದೆ, ಅತಿಯಾದರೆ ಸೀಳುತ್ತದೆ. ಕೇಸಿನ ಬುಡ ದಪ್ಪ, ಬಾಯಿ ತೆಳು. ಆ ಅಸಮತೆ ಗುಂಡಿನಲ್ಲೂ ಉಳಿಯುತ್ತದೆ. ಬೇರೆ ಬೇರೆ ಕಂಪನಿಗಳ ಕೇಸುಗಳ ತೂಕ ಒಂದೇ ಅಲ್ಲದ ಕಾರಣ ಗುಂಡಿನಿಂದ ಗುಂಡಿಗೆ ವ್ಯತ್ಯಾಸ ಬರುತ್ತದೆ. ಎಲ್ಲಕ್ಕಿಂತ ಗಂಭೀರವಾದ ಸಂಗತಿ ಎಂದರೆ, ಗಡಸು ಹಿತ್ತಾಳೆ ನಳಿಗೆಯೊಳಗೆ ಸುಲಭವಾಗಿ ಜಾರುವುದಿಲ್ಲ, ಅದರಿಂದ ಒತ್ತಡ ಏರುತ್ತದೆ. ಗಿಲ್ಡಿಂಗ್ ಮೆಟಲ್ ಗುಂಡಿಗೆಂದು ಕೈಪಿಡಿಯಲ್ಲಿ ಕೊಟ್ಟ ಅಂಕಿ ಇದಕ್ಕೆ ಅನ್ವಯಿಸುವುದಿಲ್ಲ. .40 ಎಸ್ ಆ್ಯಂಡ್ ಡಬ್ಲ್ಯುವಿನ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್. ಆ ಮಿತಿಯ ಸಮೀಪ ಓಡುವ ಪಿಸ್ತೂಲಿನಲ್ಲಿ ಪರೀಕ್ಷಿತ ಅಂಕಿಯಿಲ್ಲದ ಗುಂಡನ್ನು ಅಂದಾಜಿನ ಮೇಲೆ ಹೊಡೆಯುವುದು ಕೈಗೂ ಕಣ್ಣಿಗೂ ಅಪಾಯ. ಒಳ್ಳೆಯ ಅಚ್ಚು ಮತ್ತು ಒತ್ತುಯಂತ್ರದ ಬೆಲೆ ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ. ಆ ಹಣಕ್ಕೆ ಲೇಪನದ ಗುಂಡುಗಳು ಸಾವಿರಗಟ್ಟಲೆ ಬರುತ್ತವೆ.

ಇನ್ನು ಕಾನೂನು. ಹೆಚ್ಚಿನವರ ಗಮನಕ್ಕೆ ಬಾರದ ತೊಡಕು ಇಲ್ಲಿದೆ. ಅಮೆರಿಕದ ಒಕ್ಕೂಟ ಕಾನೂನು ತಾನು ತಯಾರಿಕೆ ನಿಷೇಧಿಸಿರುವ ಕವಚಭೇದಕ (ಮೈಮೇಲಿನ ರಕ್ಷಾಕವಚವನ್ನು ತೂರಬಲ್ಲ) ಮದ್ದುಗುಂಡಿನ ವ್ಯಾಖ್ಯೆಯಲ್ಲಿ ಎರಡು ಬಗೆಯನ್ನು ಹೇಳುತ್ತದೆ. ಕೈಪಿಸ್ತೂಲಿನಲ್ಲಿ ಬಳಸಬಹುದಾದ, ಉಕ್ಕು, ಕಂಚು, ಹಿತ್ತಾಳೆ ಮುಂತಾದ ಲೋಹದಿಂದಲೇ ಸಂಪೂರ್ಣವಾಗಿ ಮಾಡಿದ ಗುಂಡು ಅಥವಾ ತಿರುಳು ಒಂದು ಬಗೆ. .22ಕ್ಕಿಂತ ದೊಡ್ಡದಾದ, ಕೈಪಿಸ್ತೂಲಿಗೆಂದೇ ಉದ್ದೇಶಿಸಿದ, ಕವಚದ ತೂಕ ಒಟ್ಟು ತೂಕದ ಶೇ 25ನ್ನು ಮೀರುವ ಪೂರ್ಣ ಜಾಕೆಟ್ ಗುಂಡು ಎರಡನೆಯದು. 9 ಮಿ.ಮೀ. ಕೇಸಿನ ತೂಕ ಸುಮಾರು 60 ಗ್ರೇನ್. ಅದನ್ನು ಕವಚವಾಗಿಸಿ 180 ಗ್ರೇನ್ ಗುಂಡು ಮಾಡಿದರೆ ಕವಚವೇ ಮೂರನೇ ಒಂದು ಪಾಲು. 200 ಗ್ರೇನ್ ಆದರೂ ಶೇ 30. ಶೇ 25ಕ್ಕೆ ಇಳಿಯಬೇಕಾದರೆ ಗುಂಡು 240 ಗ್ರೇನ್ ಇರಬೇಕು, .40ಕ್ಕೆ ಅಷ್ಟು ಭಾರದ ಗುಂಡು ರೂಢಿಯಲ್ಲೇ ಇಲ್ಲ. ಮೂತಿ ತೆರೆದ ಗುಂಡು ಪೂರ್ಣ ಜಾಕೆಟ್ ಅಲ್ಲ, ಆದ್ದರಿಂದ ಅದಕ್ಕೆ ಈ ವಾಕ್ಯ ಮುಟ್ಟುವುದಿಲ್ಲ ಎಂದು ವಾದಿಸುವವರಿದ್ದಾರೆ. ವಾದ ಸರಿಯಿರಬಹುದು, ಆದರೆ ಹವ್ಯಾಸಕ್ಕಾಗಿ ಅಂಥ ವಾದವನ್ನು ನ್ಯಾಯಾಲಯದವರೆಗೆ ಒಯ್ಯುವ ಸ್ಥಿತಿಯನ್ನು ಯಾರೂ ತಂದುಕೊಳ್ಳಬಾರದು. ವೀಸಾದ ಮೇಲೆ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ ಶಸ್ತ್ರಾಸ್ತ್ರದ ಅಪರಾಧ ಎಂದರೆ ದೇಶ ಬಿಡಬೇಕಾದ ಪ್ರಸಂಗವೂ ಆಗಬಹುದು. ಒಬ್ಬ ವಕೀಲರ ಲಿಖಿತ ಅಭಿಪ್ರಾಯ ಕೈಯಲ್ಲಿಲ್ಲದೆ ಈ ದಾರಿಗೆ ಕಾಲಿಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಬಳಕೆಗೆ ತಕ್ಕ ಆಯ್ಕೆ

ಉಕ್ಕಿನ ಫಲಕಕ್ಕೆ ಹೊಡೆಯುವವರು ಚೂರುಗಳ ಬಗ್ಗೆ ಯೋಚಿಸಬೇಕು. ಸೀಸ ಫಲಕಕ್ಕೆ ಬಡಿದು ಚಪ್ಪಟೆಯಾಗಿ ಪಕ್ಕಕ್ಕೆ ಸಿಡಿಯುತ್ತದೆ. ಜಾಕೆಟ್ ಹರಿದು ಚೂಪಾದ ತುಣುಕುಗಳಾಗಿ ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಕೇಸಿನ ಕವಚ ದಪ್ಪವೂ ಗಡಸೂ ಆದುದರಿಂದ ಇಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಉಕ್ಕಿಗೆ ಲೇಪನದ ಸೀಸ ಒಳ್ಳೆಯದು. ತೀರ ಹತ್ತಿರದಿಂದ ಹೊಡೆಯಬೇಕಾದ ತರಬೇತಿಗೆ ತಾಮ್ರದ ಪುಡಿಯನ್ನು ಒತ್ತಿ ಮಾಡಿದ, ಬಡಿದೊಡನೆ ಪುಡಿಯಾಗುವ ಗುಂಡುಗಳಿವೆ. ಯಾವುದನ್ನೇ ಹೊಡೆದರೂ ಕನ್ನಡಕ ಬೇಕೇ ಬೇಕು, ನೋಡಲು ನಿಂತವರಿಗೂ ಸಹ.

ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಯೋಗಿಕ ಶೂಟಿಂಗ್ ಸಂಘ) ಸ್ಪರ್ಧೆಗಳಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದ ಸಂಖ್ಯೆಯೇ ಮಾನದಂಡ. ಮೈನರ್ ವರ್ಗಕ್ಕೆ 125, ಮೇಜರ್ ವರ್ಗಕ್ಕೆ 165. 147 ಗ್ರೇನ್ ಗುಂಡು ಸೆಕೆಂಡಿಗೆ 900 ಅಡಿ ಹೋದರೆ 132 ಬರುತ್ತದೆ, 115 ಗ್ರೇನಿನದು ಅದಕ್ಕೆ ಹತ್ತಿರ ಬರಲು 1130 ಅಡಿ ಹೋಗಬೇಕು. ಭಾರವಾದ, ನಿಧಾನವಾದ ಗುಂಡಿಗೆ ಜಾಕೆಟ್‌ನ ಅಗತ್ಯವೇ ಬೀಳದು. ಈ ಕಾರಣಕ್ಕೇ ಸ್ಪರ್ಧಿಗಳಲ್ಲಿ 147 ಗ್ರೇನಿನ ಲೇಪನದ ಗುಂಡು ಅಷ್ಟು ಜನಪ್ರಿಯ. ಬೇಟೆಗೆ ಹೋಗುವವರ ವಿಷಯ ಬೇರೆಯೇ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಕೋವಿಯಿಂದ ಮಾಡುವ ಯಾವುದೇ ಬೇಟೆಗೆ ಸೀಸವಿಲ್ಲದ ಮದ್ದುಗುಂಡೇ ಕಡ್ಡಾಯ.

ಮನೆಯಲ್ಲಿ ಮಕ್ಕಳಿದ್ದರೆ ಆಯ್ಕೆಯ ತೂಕ ಇನ್ನೊಂದು ಕಡೆಗೆ ವಾಲುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಗಮನ ಕೊಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಟ್ಟವನ್ನು ಇಳಿಸಿತು. ಎರಕ ಹೊಯ್ಯುವುದಾಗಲಿ, ಸೀಸವನ್ನು ಕತ್ತರಿಸಿ ಕವಚದೊಳಗೆ ಒತ್ತುವುದಾಗಲಿ, ಧೂಳು ಮನೆಯೊಳಗೆ ಬರುತ್ತದೆ. ಅಡುಗೆಮನೆಯ ಒಲೆಯ ಮೇಲೆ ಸೀಸ ಕರಗಿಸುವುದಂತೂ ಎಂದಿಗೂ ಸಲ್ಲದು. ಇನ್ನೊಂದನ್ನು ಮರೆಯುತ್ತಾರೆ: ಸಾಮಾನ್ಯ ಪ್ರೈಮರ್‌ನಲ್ಲಿಯೂ ಸೀಸದ ಸಂಯುಕ್ತ ಇದೆ, ಆದ್ದರಿಂದ ಗುಂಡಿಗೆ ಎಂಥ ಕವಚವಿದ್ದರೂ ಒಳಾಂಗಣದ ಹೊಗೆಯಲ್ಲಿ ಸೀಸ ಇರುತ್ತದೆ, ಆರಿಸಿ ತಂದ ಖಾಲಿ ಕೇಸುಗಳ ಮಸಿಯಲ್ಲೂ ಇರುತ್ತದೆ. ಹೊಡೆದು ಬಂದ ಮೇಲೆ ತಣ್ಣೀರು ಮತ್ತು ಸೋಪಿನಿಂದ ಕೈ, ಮುಖ ತೊಳೆದು, ಬಟ್ಟೆ ಬದಲಿಸಿ, ಆ ಬಳಿಕವೇ ಮಗುವನ್ನು ಎತ್ತಿಕೊಳ್ಳಬೇಕು. ವರ್ಷಕ್ಕೊಮ್ಮೆ ತಮ್ಮ ರಕ್ತದ ಸೀಸವನ್ನು ಪರೀಕ್ಷಿಸಿಕೊಳ್ಳುವಂತೆ ವೈದ್ಯರನ್ನು ಕೇಳಲು ಸಂಕೋಚ ಬೇಡ.

ಯಾವುದನ್ನು ಆರಿಸಿದರೂ ಮೊದಲು ನೂರು ಗುಂಡಿನ ಸಣ್ಣ ಪೊಟ್ಟಣ ತರಿಸಿ. ಕೈಪಿಡಿ ಹೇಳುವ ಮದ್ದಿನ ಆರಂಭದ ಅಳತೆಯಲ್ಲೇ ಕೆಲವನ್ನು ತುಂಬಿ, 25 ಗಜದಿಂದ ಆಸರೆಯ ಮೇಲೆ ಕೈಯಿಟ್ಟು ಹೊಡೆದು, ಗುಂಪು ಎಷ್ಟು ಅಗಲವಿದೆ ನೋಡಿ. ಕಾಗದದ ಮೇಲೆ ತೂತು ದುಂಡಗಿಲ್ಲದೆ ಅಡ್ಡಡ್ಡವಾಗಿದ್ದರೆ ಗುಂಡು ಗಾಳಿಯಲ್ಲಿ ಹೊರಳುತ್ತಿದೆ, ಅಳತೆ ಸಣ್ಣದಾಗಿರುವ ಸಾಧ್ಯತೆ ಹೆಚ್ಚು. ಆ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಬೂದು ಪಟ್ಟೆಗಾಗಿ ಹುಡುಕಿ. ಎರಡೂ ಪರೀಕ್ಷೆಯಲ್ಲಿ ಗೆದ್ದ ಗುಂಡನ್ನು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿ ತರಿಸಿ, ಪೆಟ್ಟಿಗೆಯ ಮೇಲೆ ಪಿಸ್ತೂಲಿನ ಹೆಸರನ್ನೂ ಗುಂಡಿನ ಅಳತೆಯನ್ನೂ ಬರೆದಿಡಿ.